ಒಂದು ದಿನದ ಕಡಲು

ಮೊದಮೊದಲು ಇಂಗ್ಲೆಂಡಿನ ಉಳ್ಳವರು ಸಮುದ್ರಕ್ಕೆ ಹೋಗುತ್ತಿದ್ದದ್ದು ಅದರ ನೀರು ಕುಡಿಯುವುದಕ್ಕೆ. ಸಸೆಕ್ಸ್ ಪ್ರಾಂತದ ಲೂಯಿಸ್ ಎಂಬ ಊರಿನ ವೈದ್ಯ ರಿಚರ್ಡ್ ರಸೆಲ್ 1750ರಲ್ಲಿ ಲ್ಯಾಟಿನ್ನಿನಲ್ಲಿ ಒಂದು ಪುಸ್ತಕ ಬರೆದು, ಗ್ರಂಥಿಗಳ ಕಾಯಿಲೆಗೆ ಕಡಲ ನೀರು ಒಳ್ಳೆಯ ಮದ್ದು ಎಂದು ವಾದಿಸಿದ. ಕುಡಿಯಬೇಕು, ಮುಳುಗಿಯೂ ಏಳಬೇಕು. ಪುಸ್ತಕ ಬೇಗನೆ ಇಂಗ್ಲಿಷಿಗೂ ಬಂತು. ಮೂರು ವರ್ಷ ಕಳೆಯುವಷ್ಟರಲ್ಲಿ ವೈದ್ಯ ತಾನೇ ಹತ್ತಿರದ ಮೀನುಗಾರರ ಊರೊಂದರಲ್ಲಿ, ನೀರಿಗೆ ಮುಖ ಮಾಡಿ ದೊಡ್ಡ ಮನೆ ಕಟ್ಟಿಸಿದ. ಊರಿನ ಹೆಸರು ಬ್ರೈಟ್‌ಹೆಲ್ಮ್‌ಸ್ಟನ್. ಬಾಯಿಗೆ ಭಾರವಾದ ಆ ಹೆಸರು ಸವೆದು ಬ್ರೈಟನ್ ಆಯಿತು.

ಆ ಊರಿನವರು ಅಲ್ಲಿಯವರೆಗೆ ಸಮುದ್ರವನ್ನು ಮೀನಿಗಾಗಿ ನೋಡುತ್ತಿದ್ದರು, ಬಿರುಗಾಳಿಗೆ ಹೆದರುತ್ತಿದ್ದರು. ಈಗ ಅದೇ ನೀರಿಗೆ ಲಂಡನ್ನಿನ ಸಾಹುಕಾರರು ದುಡ್ಡು ಕೊಟ್ಟು ಇಳಿಯುವುದನ್ನು ಕಂಡು ಅವರಿಗೆ ಏನನ್ನಿಸಿರಬೇಡ! ಆದರೆ ಹೊಸ ಕೆಲಸವಂತೂ ಹುಟ್ಟಿತು. ಚಕ್ರ ಕಟ್ಟಿದ ಮರದ ಪೆಟ್ಟಿಗೆಯೊಳಗೆ ಕೂತ ಹೆಂಗಸರನ್ನು ಕುದುರೆ ನೀರಿನತನಕ ಎಳೆದೊಯ್ಯುತ್ತಿತ್ತು. ಅಲ್ಲಿ ಸೊಂಟದವರೆಗಿನ ನೀರಲ್ಲಿ ನಿಂತ ಗಟ್ಟಿಮುಟ್ಟಾದ ಹೆಂಗಸೊಬ್ಬಳು ಅವರನ್ನು ಹಿಡಿದು ಮುಳುಗಿಸಿ ಎತ್ತುತ್ತಿದ್ದಳು. ಈ ಕೆಲಸದವರಿಗೆ ‘ಡಿಪ್ಪರ್’ ಎಂದು ಹೆಸರು. ಅವರಲ್ಲಿ ಹೆಸರಾದವಳು ಮಾರ್ಥಾ ಗನ್. ದಶಕಗಟ್ಟಲೆ ಉಪ್ಪುನೀರಲ್ಲಿ ನಿಂತೇ ಬಾಳಿದ ಆಕೆ 1815ರಲ್ಲಿ ತೀರಿಕೊಂಡಾಗ ತೊಂಬತ್ತರ ಹತ್ತಿರವಿದ್ದಳು. ಕಡಲ ನೀರು ಆರೋಗ್ಯಕ್ಕೆ ಒಳ್ಳೆಯದು ಎನ್ನುವುದಕ್ಕೆ ರಸೆಲ್‌ನ ಲ್ಯಾಟಿನ್ನಿಗಿಂತ ಇದು ಗಟ್ಟಿ ಸಾಕ್ಷಿಯೆನ್ನಬಹುದು.

ದೊರೆಗಳೂ ಬಂದರು. ಮೂರನೇ ಜಾರ್ಜ್ 1789ರಲ್ಲಿ ಡಾರ್ಸೆಟ್ ಕರಾವಳಿಯ ವೇಮತ್‌ಗೆ ಹೋದಾಗ, ಅವನು ನೀರಿನಲ್ಲಿ ತಲೆ ಮುಳುಗಿಸಿದ ಗಳಿಗೆಗೆ ಸರಿಯಾಗಿ ವಾದ್ಯದವರು ರಾಜಗೀತೆ ನುಡಿಸಿದರು. ಅವನ ಮಗ ಬ್ರೈಟನ್ನನ್ನು ಹಿಡಿದುಕೊಂಡ. ಹಣ ಲೆಕ್ಕಕ್ಕಿಡದ ಆ ಮಗ ಜಾನ್ ನ್ಯಾಷ್ ಎಂಬ ವಾಸ್ತುಶಿಲ್ಪಿಯಿಂದ ಕಟ್ಟಿಸಿದ ಅರಮನೆಯೇ ರಾಯಲ್ ಪೆವಿಲಿಯನ್. ಹೊರಗೆ ಮೊಗಲರ ಗುಮ್ಮಟ, ಒಳಗೆ ಚೀನೀ ಅಲಂಕಾರ. ಕಟ್ಟಿದವನು ಭಾರತವನ್ನೂ ನೋಡಿರಲಿಲ್ಲ, ಚೀನಾವನ್ನೂ ನೋಡಿರಲಿಲ್ಲ.

ಭಾರತದಿಂದ ನಿಜವಾಗಿ ಬಂದವನೊಬ್ಬ ಅದೇ ಊರಿನಲ್ಲಿದ್ದ. 1759ರಲ್ಲಿ ಪಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮದ್. ಕಂಪನಿ ಸೈನ್ಯದಲ್ಲಿದ್ದು, ಐರ್ಲೆಂಡಿಗೆ ಹೋಗಿ, ಇಂಗ್ಲಿಷಿನಲ್ಲಿ ಪ್ರವಾಸದ ಪುಸ್ತಕ ಬರೆದು, 1810ರಲ್ಲಿ ಲಂಡನ್ನಿನಲ್ಲಿ ಹಿಂದೂಸ್ತಾನಿ ಅಡುಗೆಯ ಕಾಫಿ ಹೌಸ್ ತೆರೆದು, ಅದರಲ್ಲಿ ಕೈಸುಟ್ಟುಕೊಂಡು, ಕೊನೆಗೆ ಬ್ರೈಟನ್ನಿಗೆ ಬಂದು ನೆಲೆಸಿದ. ಸಮುದ್ರದ ದಂಡೆಯಲ್ಲಿ ಹಬೆಸ್ನಾನದ ಮನೆ ತೆರೆದು, ಗಿಡಮೂಲಿಕೆಗಳ ಹಬೆಯಲ್ಲಿ ಕೂರಿಸಿ ಗಿರಾಕಿಗಳ ಮೈ ನೀವಿ ಒತ್ತತೊಡಗಿದ. ಹಿಂದಿಯ ‘ಚಾಂಪೋ’, ಅಂದರೆ ‘ಒತ್ತು’ ಎಂಬ ಮಾತು ಇಂಗ್ಲಿಷಿನ ಬಾಯಲ್ಲಿ ‘ಶಾಂಪೂ’ ಆಗಿತ್ತು. ಆ ಪದಕ್ಕೆ ಇಂಗ್ಲೆಂಡಿನಲ್ಲಿ ಗಿರಾಕಿ ಕುದುರಿಸಿದವನು ಈತ. ತಲೆಗೂದಲು ತೊಳೆಯುವ ಅರ್ಥ ಬಂದದ್ದು ಎಷ್ಟೋ ಆಮೇಲೆ. ನಾಲ್ಕನೇ ಜಾರ್ಜ್, ಅವನ ನಂತರದ ನಾಲ್ಕನೇ ವಿಲಿಯಂ, ಇಬ್ಬರಿಗೂ ಈತ ಆಸ್ಥಾನದ ‘ಶಾಂಪೂಯಿಂಗ್ ಸರ್ಜನ್’. ವಾಸಿಯಾದವರು ಬಿಟ್ಟುಹೋದ ಊರುಗೋಲುಗಳನ್ನು ಸ್ನಾನದ ಮನೆಯಲ್ಲಿ ನೇತುಹಾಕಿದ್ದ. ಜಾಹೀರಾತಿನ ವಿಷಯದಲ್ಲಿ ಅವನಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ.

ಇದೆಲ್ಲ ಕೆಲವೇ ಮಂದಿಯ ಸುಖ. ಲಂಡನ್ನಿನಿಂದ ಬ್ರೈಟನ್ನಿಗೆ ಕುದುರೆಗಾಡಿಯಲ್ಲಿ ಐದಾರು ಗಂಟೆಯ ಹಾದಿ, ದುಬಾರಿ ಬಾಡಿಗೆ. 1841ರ ಸೆಪ್ಟೆಂಬರ್ 21ರಂದು ರೈಲು ಬಂತು. ಮೂರು ವರ್ಷದ ನಂತರ ಬಂದ ಕಾಯ್ದೆಯೊಂದು, ಮೂರನೇ ದರ್ಜೆಯವರಿಗೂ ಸೂರಿರುವ ಬೋಗಿ ಕೊಡಬೇಕು, ಮೈಲಿಗೆ ಒಂದು ಪೆನ್ನಿಗಿಂತ ಹೆಚ್ಚು ವಸೂಲು ಮಾಡದ ಗಾಡಿಯೊಂದನ್ನು ದಿನಕ್ಕೊಮ್ಮೆಯಾದರೂ ಓಡಿಸಬೇಕು ಎಂದು ಕಂಪನಿಗಳಿಗೆ ವಿಧಿಸಿತು. ಕಂಪನಿಗಳು ಅದಕ್ಕಿಂತಲೂ ಅಗ್ಗದ ವಿಹಾರದ ಗಾಡಿಗಳನ್ನು ತಾವಾಗಿಯೇ ಬಿಟ್ಟವು. ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರುವ ಪ್ರಯಾಣ. ದರ್ಜಿ, ಬಡಗಿ, ಅಂಗಡಿ ಹುಡುಗ, ಮನೆಗೆಲಸದ ಹುಡುಗಿ ಎಲ್ಲರಿಗೂ ಸಮುದ್ರ ಒಂದು ದಿನದ ಮಟ್ಟಿಗೆ ಕೈಗೆ ಸಿಕ್ಕಿತು. ಈ ನೂಕುನುಗ್ಗಲು ವಿಕ್ಟೋರಿಯಾ ರಾಣಿಗೆ ಸೇರಲಿಲ್ಲ. ಜನ ತನ್ನನ್ನು ಮುತ್ತಿ ನೋಡುವುದು ಕಿರಿಕಿರಿಯಾಗಿ, ಅವಳು ವೈಟ್ ದ್ವೀಪದಲ್ಲಿ ಆಸ್ಬರ್ನ್ ಎಂಬ ಎಸ್ಟೇಟು ಕೊಂಡು ತನ್ನದೇ ಖಾಸಗಿ ಕಡಲತೀರ ಮಾಡಿಕೊಂಡಳು. ಪೆವಿಲಿಯನ್ನನ್ನು 1850ರಲ್ಲಿ ಊರಿನವರೇ ಕೊಂಡರು. ರಾಣಿ ಹೋದಳು, ದರ್ಜಿ ಉಳಿದ.

ಆದರೆ ದರ್ಜಿಗೆ ಬಿಡುವು ಯಾವಾಗ? ವಾರಕ್ಕೆ ಆರು ದಿನ ಕೆಲಸ. ಉಳಿದದ್ದು ಭಾನುವಾರ, ಅದು ದೇವರ ದಿನ, ಅಂದು ರೈಲು ಹತ್ತಿ ಮೋಜಿಗೆ ಹೋಗುವುದು ಪಾಪ ಎನ್ನುವ ಧರ್ಮನಿಷ್ಠರು ಬೇಕಾದಷ್ಟಿದ್ದರು. ಭಾನುವಾರ ಹೋಗಬಾರದು, ಉಳಿದ ದಿನ ಹೋಗಲಾಗದು. ಇಂಗ್ಲಿಷಿನ ‘ಹಾಲಿಡೇ’ ಹುಟ್ಟಿನಲ್ಲಿ ಪವಿತ್ರ ದಿನ. ನಮ್ಮ ‘ರಜೆ’ ಅರಬ್ಬಿಯಿಂದ ಪಾರಸಿಯ ದಾರಿ ಹಿಡಿದು ಬಂದದ್ದು, ಅದರ ಮೂಲಾರ್ಥ ಒಪ್ಪಿಗೆ, ಅನುಮತಿ. ಮುಂಬಯಿ, ಪುಣೆಯ ಓದುಗರು ಮರಾಠಿಯ ‘ರಜಾ’ ಚೀಟಿಯಲ್ಲಿ ಈ ಅರ್ಥದ ನೆರಳನ್ನು ಇನ್ನೂ ಕಾಣಬಹುದು. ಇಂಗ್ಲೆಂಡಿನ ಕೂಲಿಕಾರರ ಮಟ್ಟಿಗೆ ಇಂಗ್ಲಿಷ್ ಪದಕ್ಕಿಂತ ನಮ್ಮ ಪದವೇ ಹೆಚ್ಚು ನಿಜ ಹೇಳುತ್ತದೆ. ಬಿಡುವು ಯಾರೋ ಒಪ್ಪಿದರೆ ಸಿಗುವಂಥದು.

1861ರ ಆಗಸ್ಟ್ 25ರ ಭಾನುವಾರ ಬೆಳಿಗ್ಗೆ ಬ್ರೈಟನ್ನಿನಿಂದ ಲಂಡನ್ನಿಗೆ ಮೂರು ಗಾಡಿಗಳು ಒಂದರ ಹಿಂದೆ ಒಂದು ಹೊರಟವು. ಮೊದಲನೆಯದು ಪೋರ್ಟ್ಸ್‌ಮತ್ ಕಡೆಯಿಂದ ಬಂದ ವಿಹಾರದ ಗಾಡಿ, ಎರಡನೆಯದು ಬ್ರೈಟನ್ನಿನದೇ ವಿಹಾರದ ಗಾಡಿ, ಮೂರನೆಯದು ಮಾಮೂಲಿ ಗಾಡಿ. ನಡುವೆ ಐದೈದು ನಿಮಿಷ ಅಂತರವಿರಬೇಕೆಂಬುದು ನಿಯಮ. ಹೊರಟ ಹೊತ್ತು 8.28, 8.31, 8.35. ಏಳು ನಿಮಿಷದಲ್ಲಿ ಮೂರು ಗಾಡಿ.

ಬ್ರೈಟನ್ನಿನಿಂದ ಎಂಟು ಕಿಲೋಮೀಟರ್ ಆಚೆ ಕ್ಲೇಟನ್ ಸುರಂಗ. ಎರಡು ಕಿಲೋಮೀಟರಿಗಿಂತ ಉದ್ದ. ಎರಡೂ ತುದಿಯಲ್ಲಿ ಒಬ್ಬೊಬ್ಬ ಸಿಗ್ನಲ್‌ಮನ್, ಇಬ್ಬರ ನಡುವೆ ತಂತಿ. ದಕ್ಷಿಣ ತುದಿಯಲ್ಲಿದ್ದವನು ಆ ದಿನ ಇಪ್ಪತ್ತನಾಲ್ಕು ಗಂಟೆಯ ಪಾಳಿಯಲ್ಲಿದ್ದ. ಹದಿನೆಂಟು ಗಂಟೆಯಾದ ಮೇಲೆ ಇಳಿಯಬೇಕಾದವನು ಆರು ಗಂಟೆ ಹೆಚ್ಚಿಗೆ ನಿಂತದ್ದು ಯಾಕೆಂದರೆ, ಹಾಗೆ ಮಾಡಿದರೆ ವಾರದಲ್ಲಿ ಪೂರ್ತಿ ಒಂದು ದಿನ ಬಿಡುವು ಸಿಗುತ್ತಿತ್ತು. (ಹದಿನೆಂಟು ಗಂಟೆ ಎಂಬುದೇ ನಿಯಮದ ಪಾಳಿ ಎನ್ನುವುದನ್ನು ಇನ್ನೊಮ್ಮೆ ಓದಬೇಕು.) ವಿಹಾರದ ಗಾಡಿಗಳನ್ನು ಸುರಂಗ ದಾಟಿಸಲು, ತನ್ನ ಒಂದು ದಿನಕ್ಕಾಗಿ ನಿದ್ದೆಗೆಟ್ಟವನೊಬ್ಬ ಅಲ್ಲಿ ನಿಂತಿದ್ದ.

ಮೊದಲ ಗಾಡಿ ಸುರಂಗ ಹೊಕ್ಕಿತು. ಗಾಡಿ ದಾಟಿದೊಡನೆ ತಾನಾಗಿ ‘ಅಪಾಯ’ಕ್ಕೆ ತಿರುಗಬೇಕಿದ್ದ ಸಿಗ್ನಲ್ಲು ತಿರುಗಲಿಲ್ಲ. ಕೆಟ್ಟಿದೆಯೆಂದು ಎಚ್ಚರಿಸುವ ಗಂಟೆ ಹೊಡೆಯಿತು. ಆತ ಆಚೆ ತುದಿಗೆ ‘ಗಾಡಿ ಒಳಗಿದೆ’ ಎಂದು ತಂತಿ ಕಳಿಸುವಷ್ಟರಲ್ಲಿ ಎರಡನೆಯದು ಎದುರಿಗೇ ಬಂತು. ಕೆಂಪು ಬಾವುಟ ಹಿಡಿದು ಹೊರಗೋಡಿದ. ಎಂಜಿನ್ ಅವನ ಮುಂದೆಯೇ ಹಾದು ಕತ್ತಲೊಳಗೆ ಹೋಯಿತು. ಚಾಲಕ ಬಾವುಟ ಕಂಡನೋ ಇಲ್ಲವೋ ತಿಳಿಯಲಿಲ್ಲ. ಆತ ತಂತಿಯಲ್ಲಿ ಕೇಳಿದ: ಸುರಂಗ ಖಾಲಿಯೇ? ಆ ಕಡೆಯವನು ಮೊದಲ ಗಾಡಿ ಹೊರಬಂದದ್ದನ್ನು ನೋಡಿ, ಖಾಲಿ ಎಂದ. ಇವನು ಎರಡೂ ದಾಟಿದವೆಂದುಕೊಂಡು, ಮೂರನೆಯದಕ್ಕೆ ಬಿಳಿ ಬಾವುಟ ತೋರಿಸಿದ. ಆಗ ಬಿಳಿಯೆಂದರೆ ‘ಹೋಗು’.

ಎರಡನೆಯ ಗಾಡಿಯ ಚಾಲಕ ಬಾವುಟವನ್ನು ಕಂಡಿದ್ದ. ಸುರಂಗದೊಳಗೆ ಗಾಡಿ ನಿಲ್ಲಿಸಿ, ವಿಷಯವೇನೆಂದು ಕೇಳಲು ಮೆಲ್ಲಗೆ ಹಿಂದಕ್ಕೆ ಬರುತ್ತಿದ್ದ. ಕತ್ತಲಲ್ಲಿ ಮೂರನೆಯದರ ಎಂಜಿನ್ ಅದರ ಕೊನೆಯ ಬೋಗಿಯನ್ನು ಹತ್ತಿ ಜಜ್ಜಿತು. 23 ಜನ ಸತ್ತರು, 176 ಮಂದಿ ಗಾಯಗೊಂಡರು. ಗಾಡಿಗಳನ್ನು ಒತ್ತೊತ್ತಾಗಿ ಬಿಟ್ಟನೆಂದು ಬ್ರೈಟನ್ ನಿಲ್ದಾಣದ ಸಹಾಯಕ ಮಾಸ್ತರನ ಮೇಲೆ ಮೊಕದ್ದಮೆ ನಡೆದು ಅವನು ಖುಲಾಸೆಯಾದ. ಒಂದು ಗಾಡಿ ಪೂರ್ತಿ ದಾಟದೆ ಅದೇ ಹಳಿಗೆ ಇನ್ನೊಂದನ್ನು ಬಿಡಕೂಡದು ಎಂಬ ಸರಳ ಪದ್ಧತಿಯನ್ನು ಎಲ್ಲ ಕಂಪನಿಗಳಿಗೂ ಕಡ್ಡಾಯ ಮಾಡುವ ಕಾಯ್ದೆ ಬರಲು ಮತ್ತೆ ಇಪ್ಪತ್ತೆಂಟು ವರ್ಷ ಬೇಕಾಯಿತು. ಅದಕ್ಕೂ ಕಾರಣವಾದದ್ದು ಸಮುದ್ರಕ್ಕೆ ಹೊರಟಿದ್ದ ಗಾಡಿಯೇ. 1889ರ ಜೂನಿನಲ್ಲಿ ಐರ್ಲೆಂಡಿನ ಅರ್ಮಾ ಊರಿನಿಂದ ಭಾನುವಾರದ ಶಾಲೆಯ ಮಕ್ಕಳನ್ನು ಕಡಲತೀರಕ್ಕೆ ಕರೆದೊಯ್ಯುತ್ತಿದ್ದ ಗಾಡಿ ಅಪಘಾತಕ್ಕೀಡಾಗಿ ಸುಮಾರು ಎಂಬತ್ತು ಜನ ಸತ್ತರು. ಇಂದಿನ ರೈಲುಗಳ ಸುರಕ್ಷತೆಯಲ್ಲಿ ಇಂಥ ಒಂದು ದಿನದ ಪ್ರವಾಸಿಗರ ಪ್ರಾಣದ ಪಾಲು ದೊಡ್ಡದು.

ನಡುವೆ 1871ರಲ್ಲಿ ಸರ್ ಜಾನ್ ಲಬಕ್ ಎಂಬ ಬ್ಯಾಂಕರ್ ಸಂಸದ ವರ್ಷಕ್ಕೆ ನಾಲ್ಕು ‘ಬ್ಯಾಂಕ್ ಹಾಲಿಡೇ’ಗಳನ್ನು ಕಾನೂನಾಗಿಸಿದ. ಹೆಸರಿಗೆ ಬ್ಯಾಂಕಿನವು, ಆದರೆ ಅಂಗಡಿ, ಕಾರ್ಖಾನೆಗಳೂ ಮುಚ್ಚತೊಡಗಿದವು. ಅದರಲ್ಲೂ ಆಗಸ್ಟ್ ತಿಂಗಳ ಮೊದಲ ಸೋಮವಾರ ಯಾವ ಸಂತನಿಗೂ ಯಾವ ಹಬ್ಬಕ್ಕೂ ಸೇರದ, ಬರೀ ಬೇಸಿಗೆಯ ಬಿಸಿಲಿಗೆ ಸೇರಿದ ರಜೆ. ಕೃತಜ್ಞರಾದ ಜನ ಅದನ್ನು ‘ಸಂತ ಲಬಕನ ದಿನ’ ಎಂದು ತಮಾಷೆ ಮಾಡಿದರು. ಕರಾವಳಿಯ ಊರುಗಳು ಪೈಪೋಟಿಯಲ್ಲಿ ನೀರಿನೊಳಕ್ಕೆ ಪಿಯರ್ ಚಾಚಿದವು. ಪಿಯರ್ ಎಂದರೆ ದೋಣಿಕಟ್ಟೆ ಎಂದು ನಿಘಂಟು ಹೇಳೀತು. ಆದರೆ ಇಲ್ಲಿ ಅದು ಹಡಗು ಹತ್ತದೆ ಸಮುದ್ರದ ಮೇಲೆ ನಡೆದಾಡುವ ಉಪಾಯ: ಕಬ್ಬಿಣದ ಕಂಬಗಳ ಮೇಲೆ ಮರದ ಹಾಸು, ತುದಿಯಲ್ಲಿ ನಾಟಕಶಾಲೆ. 1899ರಲ್ಲಿ ತೆರೆದ ಬ್ರೈಟನ್ನಿನ ಪ್ಯಾಲೇಸ್ ಪಿಯರ್ ಅರ್ಧ ಕಿಲೋಮೀಟರಿಗಿಂತ ಉದ್ದ. ಗಂಡಸರೂ ಹೆಂಗಸರೂ ಒಂದೇ ಕಡೆ ಈಜಲು ಮೊದಲು ಒಪ್ಪಿದ ಊರು ಬೆಕ್ಸ್‌ಹಿಲ್, 1901ರಲ್ಲಿ. ಇತ್ತ ಈಸ್ಟ್‌ಬೋರ್ನ್ ತನ್ನ ಸಮುದ್ರದಂಡೆಯ ರಸ್ತೆಯಲ್ಲಿ ಒಂದು ಅಂಗಡಿಯನ್ನೂ ಬಿಟ್ಟುಕೊಳ್ಳದೆ ಮರ್ಯಾದೆ ಕಾಪಾಡಿಕೊಂಡಿತು.

ಆ ಕಾಲದ ಪ್ರವಾಸಿಗಳಲ್ಲಿ ಕಾನೂನು ಓದಲು ಬಂದಿದ್ದ ಗುಜರಾತಿ ತರುಣನೊಬ್ಬನಿದ್ದ. ಇಂಗ್ಲೆಂಡಿಗೆ ಬಂದ ಮೊದಲ ವರ್ಷದಲ್ಲಿ ಬ್ರೈಟನ್ನಿನ ಹೋಟೆಲಿನಲ್ಲಿ ಕೂತ ಮೋಹನದಾಸ ಗಾಂಧಿಗೆ ಮೆನುವೇ ಅರ್ಥವಾಗಲಿಲ್ಲ, ಅದು ಫ್ರೆಂಚಿನಲ್ಲಿತ್ತು. ಅದೇ ಮೇಜಿನಲ್ಲಿದ್ದ ವಯಸ್ಸಾದ ವಿಧವೆಯೊಬ್ಬರು, ಯಾವುದರಲ್ಲಿ ಮಾಂಸವಿಲ್ಲ ಎಂದು ಬಿಡಿಸಿ ಹೇಳಿದರು. ಪರಿಚಯ ಬೆಳೆಯಿತು, ಲಂಡನ್ನಿನಲ್ಲಿ ಪ್ರತಿ ಭಾನುವಾರ ಅವರ ಮನೆಯಲ್ಲಿ ಊಟ. ಆಕೆ ಮದುವೆಯ ಯೋಚನೆಯಲ್ಲಿ ಹುಡುಗಿಯೊಬ್ಬಳ ಜತೆ ಮಾತಿಗೆ ಬಿಡತೊಡಗಿದರು. ತನಗೆ ಆಗಲೇ ಮದುವೆಯಾಗಿ ಮಗನೂ ಇದ್ದಾನೆಂಬ ಸತ್ಯವನ್ನು ಗಾಂಧಿ ಕೊನೆಗೆ ಪತ್ರದಲ್ಲಿ ತಿಳಿಸಿದರು. ವೈಟ್ ದ್ವೀಪದ ವೆಂಟ್ನರಿನಲ್ಲಿ ಅವರ ಫಜೀತಿ ಬೇರೆ. ಮನೆಯೊಡತಿಯ ಮಗಳು ಗುಡ್ಡ ಸುತ್ತಿಸಲು ಕರೆದೊಯ್ದು ಗಾಳಿಯಂತೆ ಇಳಿದುಹೋದಳು, ಇವರು ಕೂತು ತೆವಳಿ ಇಳಿದರು. ಆತ್ಮಕಥೆಯಲ್ಲಿ ಅವರೇ ಬರೆದುಕೊಂಡಿದ್ದಾರೆ. ಕಡಲತೀರದ ರಜೆಯ ಮುಖ್ಯ ಲಕ್ಷಣ ಅಲ್ಲಿ ಆಗಲೇ ಇದೆ: ಮನೆಯಲ್ಲಿ ಆಗದ ಪರಿಚಯ, ಮನೆಯಲ್ಲಿ ಆಡದ ಸುಳ್ಳು.

ಕಾಲು ಶತಮಾನದ ನಂತರ ಬ್ರೈಟನ್ನಿಗೆ ಬಂದ ಭಾರತೀಯರು ಪ್ರವಾಸಿಗಳಲ್ಲ. 1914ರ ಚಳಿಗಾಲದಲ್ಲಿ, ಫ್ರಾನ್ಸಿನ ಕಂದಕಗಳಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳಿಗಾಗಿ ರಾಯಲ್ ಪೆವಿಲಿಯನ್ ಆಸ್ಪತ್ರೆಯಾಯಿತು. ಗುಮ್ಮಟಗಳ ಕೆಳಗೆ ಅವರಿಗೆ ಊರಿನಲ್ಲಿದ್ದಂತೆ ಅನ್ನಿಸುತ್ತದೆ ಎಂಬ ಭಾವನೆಗೆ ಪ್ರಚಾರ ಕೊಡಲಾಯಿತು. ಊಟದ ಕಟ್ಟಳೆಗಳಿಗೆ ತಕ್ಕಂತೆ ಒಂಬತ್ತು ಅಡುಗೆಮನೆ, ಹಿಂದೂ ಮುಸ್ಲಿಮರಿಗೆ ಬೇರೆ ಬೇರೆ ನಲ್ಲಿ. ಆ ಮಟ್ಟಿಗೆ ಕಾಳಜಿ ನಿಜ. ಆದರೆ ಸಮುದ್ರ ಹೆಜ್ಜೆಯಳತೆಯಲ್ಲಿದ್ದರೂ ಮನಬಂದಂತೆ ಹೊರಗೆ ಅಡ್ಡಾಡಲು ಅವರಿಗೆ ಅನುಮತಿಯಿರಲಿಲ್ಲ. ಬ್ರೈಟನ್ನಿನ ಆಸ್ಪತ್ರೆಗಳಲ್ಲಿ ತೀರಿಕೊಂಡ ಹಿಂದೂ, ಸಿಖ್ ಸೈನಿಕರಲ್ಲಿ 53 ಮಂದಿಯನ್ನು ಊರಾಚೆಯ ಹುಲ್ಲುಗುಡ್ಡದ ಮೇಲೆ ದಹನ ಮಾಡಲಾಯಿತು. ಅಲ್ಲಿ 1921ರಲ್ಲಿ ಎದ್ದ ಬಿಳಿ ಅಮೃತಶಿಲೆಯ ಸ್ಮಾರಕಕ್ಕೆ ‘ಛತ್ರಿ’ ಎಂದೇ ಹೆಸರು, ವಿನ್ಯಾಸ ಇ. ಸಿ. ಹೆನ್ರಿಕೆಸ್ ಎಂಬ ಭಾರತೀಯ ವಾಸ್ತುಶಿಲ್ಪಿಯದು. ಕನ್ನಡದ ಕಿವಿಗೆ ಛತ್ರಿಯೆಂದರೆ ಮಳೆಯದು. ಬಯಲಿನಲ್ಲಿ ಒಂಟಿಯಾಗಿ ನಿಂತ ಆ ಗುಮ್ಮಟಕ್ಕೆ, ಅಲ್ಲಿನ ಹವೆಗೆ, ಆ ಅರ್ಥವೂ ಹೊಂದುತ್ತದೆ. ರಸ್ತೆ ಹತ್ತಿರದಲ್ಲಿಲ್ಲ, ಹುಲ್ಲುಗಾವಲಲ್ಲಿ ನಡೆದೇ ಹೋಗಬೇಕು.

ಎರಡು ಯುದ್ಧಗಳ ನಡುವಿನ ಕಾಲ ಕುಟುಂಬದ ರಜೆಯ ಕಾಲ. ಆರ್. ಸಿ. ಶೆರಿಫ್ ಯುದ್ಧದ ಕಂದಕಗಳ ಬಗ್ಗೆ ನಾಟಕ ಬರೆದು ಹೆಸರಾದವನು. 1931ರಲ್ಲಿ ಅವನು ಬರೆದ ಕಾದಂಬರಿ ‘ದಿ ಫೋರ್ಟ್‌ನೈಟ್ ಇನ್ ಸೆಪ್ಟೆಂಬರ್’ನಲ್ಲಿ ನಡೆಯುವುದು ಇಷ್ಟೇ: ಲಂಡನ್ನಿನ ಗುಮಾಸ್ತನೊಬ್ಬನ ಸಂಸಾರ ಬಾಗ್ನರ್ ಎಂಬ ಕಡಲೂರಿಗೆ ಎರಡು ವಾರ ಹೋಗಿಬರುತ್ತದೆ. ಅದೇ ಬೋರ್ಡಿಂಗ್ ಹೌಸು, ವರ್ಷ ವರ್ಷ ಮಾಸುತ್ತಿರುವ ಅದೇ ಕೋಣೆಗಳು. ದಂಡೆಯಲ್ಲಿ ಸ್ವಲ್ಪ ದೊಡ್ಡ ಗುಡಿಸಲೊಂದನ್ನು ಬಾಡಿಗೆ ಹಿಡಿಯಬೇಕೇ ಬೇಡವೇ ಎಂಬುದು ಮನೆಮಂದಿಯೆಲ್ಲ ಕೂತು ತೀರ್ಮಾನಿಸುವ ದೊಡ್ಡ ಸಂಗತಿ. ಓದಿದವರಿಗೆ ಗೊತ್ತು, ಆ ಗುಡಿಸಲು ಸಿಕ್ಕೀತೋ ಇಲ್ಲವೋ ಎಂಬ ಆತಂಕ ಎಷ್ಟೋ ಪತ್ತೇದಾರಿ ಕಾದಂಬರಿಗಳಲ್ಲಿಲ್ಲ.

ಬೋರ್ಡಿಂಗ್ ಹೌಸಿನ ಒಡತಿಯರದು ಇಂಗ್ಲಿಷ್ ಹಾಸ್ಯದಲ್ಲಿ ನಮ್ಮ ಅತ್ತೆಯ ಪಾತ್ರಕ್ಕೆ ಸಮ. ಬೆಳಗಿನ ತಿಂಡಿ ಮುಗಿದೊಡನೆ ಅತಿಥಿಗಳು ಹೊರಗೆ ಹೋಗಬೇಕು, ಸಂಜೆಯ ಊಟದ ಹೊತ್ತಿಗೇ ಬರಬೇಕು. ಮಳೆ ಬಂದರೆ? ಮಳೆ ಬಂದರೂ. ರೇನ್‌ಕೋಟ್ ಹೊದ್ದು ಸಾಲಾಗಿ ಬೆಂಚಿನಲ್ಲಿ ಕೂತು ಬೂದುಬಣ್ಣದ ನೀರನ್ನು ನೋಡುವ ಕುಟುಂಬದ ಚಿತ್ರ ಅಲ್ಲಿಂದ ಬಂದದ್ದು. ಮೇಜಿನ ಮೇಲಿನ ಉಪ್ಪು ಮೆಣಸಿನ ಕುಡಿಕೆಗೂ ಬಿಲ್ಲಿನಲ್ಲಿ ಬೇರೆ ಕಾಸು ಹಾಕುವ ಒಡತಿಯರ ಕತೆಗಳು ಹೇರಳ. ಆದರೆ ಒಡತಿಯ ಕಡೆಯಿಂದಲೂ ನೋಡಬೇಕು. ವರ್ಷದ ಗಳಿಕೆಯೆಲ್ಲ ಬೇಸಿಗೆಯ ಕೆಲವು ವಾರಗಳದ್ದು. ಕೋಣೆಗಳನ್ನೆಲ್ಲ ಅತಿಥಿಗಳಿಗೆ ಬಿಟ್ಟು ತನ್ನ ಮಕ್ಕಳೊಡನೆ ಅಡುಗೆಮನೆಯಲ್ಲೋ ಅಟ್ಟದಲ್ಲೋ ಮಲಗುವವಳು ಅವಳು. ಎಲ್ಲರ ರಜೆಯೂ ಅವಳ ದುಡಿಮೆ. ಬಂದ ಸಂಸಾರದಲ್ಲಿಯೂ, ಒಲೆ ಮುಂದೆ ನಿಲ್ಲದ ವಾರವೆಂದರೆ ತಾಯಿಗೆ ವರ್ಷದಲ್ಲಿ ಅದೊಂದೇ.

ಶೆರಿಫ್‌ನ ಗುಮಾಸ್ತನಿಗೆ ರಜೆಯಲ್ಲೂ ಸಂಬಳವಿತ್ತು. ಕಾರ್ಖಾನೆಯ ಹೆಚ್ಚಿನ ಕೂಲಿಕಾರರಿಗೆ ಇರಲಿಲ್ಲ. ಅವರಿಗೆ ರಜೆಯೆಂದರೆ ಕೂಲಿಯಿಲ್ಲದ ವಾರ, ಅದಕ್ಕಾಗಿ ವರ್ಷವಿಡೀ ಪೆನ್ನಿ ಪೆನ್ನಿ ಕೂಡಿಡಬೇಕು. ಕಾರ್ಮಿಕ ಸಂಘಗಳು ಬಹುಕಾಲ ಹೋರಾಡಿದ ಮೇಲೆ 1938ರಲ್ಲಿ ಸಂಬಳಸಹಿತ ರಜೆಯ ಕಾಯ್ದೆ ಬಂತು. ಅದೂ ಅರೆಮನಸ್ಸಿನದು, ವರ್ಷಕ್ಕೆ ಒಂದು ವಾರವನ್ನು ಬೆಂಬಲಿಸಿತೇ ಹೊರತು ಎಲ್ಲ ಮಾಲೀಕರಿಗೂ ಕಡ್ಡಾಯ ಮಾಡಲಿಲ್ಲ. ಜನ ಆ ಒಂದು ವಾರವನ್ನು ಅನುಭವಿಸುವ ಮೊದಲೇ ಯುದ್ಧ ಬಂತು.

1940ರ ಬೇಸಿಗೆಯಲ್ಲಿ ಫ್ರಾನ್ಸ್ ಬಿದ್ದ ಮೇಲೆ ದಕ್ಷಿಣ ಕರಾವಳಿಯೇ ಮುಂಚೂಣಿ. ದಂಡೆಗಳಲ್ಲಿ ನೆಲಬಾಂಬು ಹೂತು ಮುಳ್ಳುತಂತಿ ಸುತ್ತಿದರು. ಜರ್ಮನರು ಬಂದಿಳಿಯಲು ಅನುಕೂಲವಾಗಬಾರದೆಂದು ಪಿಯರುಗಳನ್ನು ನಡುವೆ ತುಂಡರಿಸಿದರು. ಐಸ್‌ಕ್ರೀಮ್ ತಿಂದು ನಡೆದ ಹಲಗೆಗಳ ನಡುವೆ ಬರೀ ನೀರು. ಯುದ್ಧ ಮುಗಿದ ಮೇಲೆ ಬಾಂಬುಗಳನ್ನು ಒಂದೊಂದಾಗಿ ಹೆಕ್ಕಿದರು. ಎಲ್ಲವೂ ಸಿಗಲಿಲ್ಲ. 1955ರ ಮೇ ತಿಂಗಳಲ್ಲಿ ಡಾರ್ಸೆಟ್‌ನ ಸ್ವಾನೇಜ್ ದಂಡೆಯಲ್ಲಿ ಆಡುತ್ತಿದ್ದ ಐವರು ಶಾಲಾ ಹುಡುಗರು ಹಳೆಯ ನೆಲಬಾಂಬಿಗೆ ಬಲಿಯಾದರು.

ಆದರೂ ಜನ ಬಂದರು, ಹಿಂದೆಂದೂ ಇಲ್ಲದಷ್ಟು ಬಂದರು. ಐವತ್ತರ ದಶಕದ ಶನಿವಾರಗಳಲ್ಲಿ ರೈಲುಗಳು ತುಂಬಿ ತುಳುಕಿದವು. ಬಿಲ್ಲಿ ಬಟ್ಲಿನ್ 1960ರಲ್ಲಿ ಬಾಗ್ನರಿನಲ್ಲಿ ತನ್ನ ರಜಾಶಿಬಿರ ತೆರೆದ. ಊಟ, ಆಟ, ನಾಚು ಎಲ್ಲವೂ ಒಂದೇ ದರದಲ್ಲಿ, ಒಡತಿಯ ಗೊಡವೆಯಿಲ್ಲ. ಎಲ್ಲರಿಗೂ ಬಾಗಿಲು ತೆರೆದಿತ್ತೆನ್ನುವಂತಿಲ್ಲ. ಕಪ್ಪು, ಕಂದು ಬಣ್ಣದವರನ್ನು ‘ಕೋಣೆ ಖಾಲಿಯಿಲ್ಲ’ ಎಂದು ಹಿಂದೆ ಕಳಿಸುವುದು ಮಾಮೂಲಾಗಿತ್ತು. ವರ್ಣಭೇದದ ವಿರುದ್ಧ ಬ್ರಿಟನ್ 1965ರಲ್ಲಿ ಮಾಡಿದ ಮೊದಲ ಕಾಯ್ದೆ ಹೋಟೆಲುಗಳಿಗೆ ಅನ್ವಯಿಸಿತು, ಖಾಸಗಿ ಬೋರ್ಡಿಂಗ್ ಹೌಸುಗಳನ್ನು ಹೊರಗಿಟ್ಟಿತು. 1968ರಲ್ಲಿ ಕಾಯ್ದೆಯನ್ನು ಬಿಗಿ ಮಾಡಬೇಕಾಯಿತು. ಬೆಳಿಗ್ಗೆ ಹೋಗಿ ರಾತ್ರಿ ಮರಳುವ ಪ್ರವಾಸಕ್ಕೆ ಯಾವ ಒಡತಿಯ ಒಪ್ಪಿಗೆಯೂ ಬೇಕಿರಲಿಲ್ಲ.

ಅಷ್ಟರಲ್ಲಿ ಅಗ್ಗದ ವಿಮಾನ ಬಂದಿತ್ತು. ಸ್ಪೇನಿನ ಬಿಸಿಲಿಗೆ ಗ್ಯಾರಂಟಿಯಿತ್ತು, ಬಾಗ್ನರಿನದಕ್ಕೆ ಇರಲಿಲ್ಲ. ಬೋರ್ಡಿಂಗ್ ಹೌಸುಗಳು ವೃದ್ಧಾಶ್ರಮಗಳಾದವು, ಒಂಟಿ ಕೋಣೆಯ ಬಾಡಿಗೆ ಮನೆಗಳಾದವು. ಬ್ರೈಟನ್ನಿನ ವೆಸ್ಟ್ ಪಿಯರ್ 1975ರಲ್ಲಿ ಮುಚ್ಚಿತು, 2003ರಲ್ಲಿ ಬೆಂಕಿಗೆ ಸಿಕ್ಕಿತು. ಅದರ ಕಬ್ಬಿಣದ ಅಸ್ಥಿಪಂಜರ ಈಗಲೂ ನೀರಿನಲ್ಲಿ ನಿಂತಿದೆ, ಅದರ ಫೋಟೊ ತೆಗೆಯಲೆಂದೇ ಜನ ಬರುತ್ತಾರೆ.

2020ರ ಬೇಸಿಗೆಯಲ್ಲಿ ಕೊರೊನಾದ ಲಾಕ್‌ಡೌನ್ ಸಡಿಲವಾಗತೊಡಗಿದಾಗ ವಿಮಾನಗಳು ಇನ್ನೂ ಸರಿಯಾಗಿ ಹಾರುತ್ತಿರಲಿಲ್ಲ. ಜೂನ್ ಕೊನೆಯ ವಾರ ವಿಪರೀತ ಸೆಕೆ. ಬೋರ್ನ್‌ಮತ್‌ನ ಮರಳಿಗೆ ಎಷ್ಟು ಜನ ಬಂದಿಳಿದರೆಂದರೆ, ಜೂನ್ 25ರಂದು ಅಲ್ಲಿನ ನಗರಾಡಳಿತ ತುರ್ತುಸ್ಥಿತಿ ಘೋಷಿಸಿ, ದಯವಿಟ್ಟು ಯಾರೂ ಬರಬೇಡಿ ಎಂದು ಕೇಳಿಕೊಂಡಿತು. ರಸ್ತೆಗಳು ಕಾರುಗಳಿಂದ ಕಟ್ಟಿಹೋಗಿದ್ದವು, ಮರಳಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮರುದಿನ ಬೆಳಿಗ್ಗೆ ಕಸ ತೆಗೆಯುವವರು ಬಂದರು.